ಹಾರ್ಲನ್ ಬೆಂಡ್ ಬ್ಯಾಂಡಿನ ಬಾಜಿ

ಮೆಂಫಿಸ್ ಬೋಟ್‌ಮೆನ್ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಯಾರನ್ನೂ ಊರು ಯಾವುದೆಂದು ಕೇಳುವುದಿಲ್ಲ. ಕಾಲೇಜು ಯಾವುದೆಂದು ಕೇಳುತ್ತಾರೆ. ಉತ್ತರ ಬಂದ ಮೇಲೆ ಆ ಮನುಷ್ಯ ಎಲ್ಲಿ ಕೂರಬೇಕು, ಅವನನ್ನು ಎಷ್ಟು ಗೇಲಿ ಮಾಡಬಹುದು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ಹೆಂಡತಿ ಮಕ್ಕಳಿರುವವರು, ಮೊಣಕಾಲಿಗೆ ಎರಡೆರಡು ಬಾರಿ ಕತ್ತರಿ ಹಾಕಿಸಿಕೊಂಡವರು, ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡುವ ಗಂಡಸರು, ಎಂದೋ ಬಿಟ್ಟು ಬಂದ ಕಾಲೇಜಿಗಾಗಿ ಇನ್ನೂ ಕಿತ್ತಾಡುತ್ತಾರೆ.

ಪ್ರತಿಯೊಬ್ಬ ಆಟಗಾರನ ಬಟ್ಟೆಬರೆಯ ಗೂಡಿನ ತಲೆಯ ಮೇಲೆ ದಪ್ಪ ಕ್ಯಾನ್ವಾಸು ಬಿಗಿದಿರುತ್ತದೆ. ಅದರ ಮೇಲೆ ಅಂಟಿಸಿದ ಒಂದು ಬಟ್ಟೆಯ ಪಟ್ಟಿ. ಹೆಸರು, ಅಂಗಿಯ ಸಂಖ್ಯೆ, ಕೆಳಗೆ ಕಾಲೇಜು, ಆ ಕಾಲೇಜಿನದೇ ಬಣ್ಣದ ದಾರದಲ್ಲಿ. ಬೇರೆ ತಂಡಗಳಲ್ಲಿ ತಗಡಿನ ಫಲಕ ಇರುತ್ತದಂತೆ. ಇಲ್ಲಿ ಜನ ವಾರ ವಾರಕ್ಕೂ ಬಂದು ಹೋಗುವುದರಿಂದ ಬಟ್ಟೆಯೇ ಸರಿ ಎಂದು ಮಿಸ್ಟರ್ ಪರ್ಸಿ ಹಿಂದೆಯೇ ಗೊತ್ತು ಮಾಡಿದ್ದರು. ಮಿಸ್ಟರ್ ಪರ್ಸಿ ಆಟದ ಸಾಮಾನಿನ ಕೋಣೆಗೆ ಯಜಮಾನರು. ನಮ್ಮ ಚರ್ಚಿನವರು. ಅಮ್ಮನ ಆಸ್ಪತ್ರೆಯ ಓಡಾಟದಲ್ಲಿ ನಾನು ಹತ್ತನೇ ತರಗತಿಗೇ ಶಾಲೆ ಬಿಟ್ಟು, ಭಜನೆಯವರ ನಿಲುವಂಗಿ ಹೊಲಿಯುವ ಅಂಗಡಿಯಲ್ಲಿ ಕೂತಿದ್ದನ್ನು ನೋಡಿ, ಇಲ್ಲಿಗೆ ಕರೆತಂದವರು ಅವರೇ. ಆ ಪಟ್ಟಿಗಳನ್ನು ಹೊಲಿಯುವವಳು ನಾನು. ಅಂಗಿಗಳನ್ನು ಒಗೆದು ಒಣಗಿಸುವವಳೂ ನಾನೇ.

ನನ್ನ ಕೋಣೆಗೂ ಡ್ರೆಸ್ಸಿಂಗ್ ರೂಮಿಗೂ ನಡುವೆ ಒಂದು ಕಿಟಕಿ. ಕೆಳಗೆ ಮರದ ಹಲಗೆ. ಹರಿದದ್ದನ್ನು ಅಲ್ಲಿಡುತ್ತಾರೆ, ಹೊಲಿದದ್ದನ್ನು ಅಲ್ಲಿಂದ ಒಯ್ಯುತ್ತಾರೆ. ನನಗೆ ಮಾತು ಕಡಿಮೆ. ಹಾಗಾಗಿ ಅವರ ಪಾಲಿಗೆ ನಾನೂ ಕಿಟಕಿಯ ಒಂದು ಭಾಗ. ನನ್ನ ಎದುರೇ ಎಲ್ಲ ಆಡುತ್ತಿದ್ದರು.

ಶನಿವಾರ ಕಾಲೇಜುಗಳ ಆಟ, ಭಾನುವಾರ ನಮ್ಮ ಆಟ. ಶನಿವಾರ ಇಬ್ಬರು ಆಟಗಾರರ ಕಾಲೇಜುಗಳು ಎದುರುಬದುರಾದರೆ ಅಲ್ಲಿಗೆ ಬಾಜಿ ಬಿತ್ತು ಎಂದೇ ಲೆಕ್ಕ. ಸೋತವನ ಗೂಡಿನ ಮೇಲೆ ಒಂದು ವಾರ ಗೆದ್ದವನ ಕಾಲೇಜಿನ ಹೆಸರು. ತಾನು ಓದದ ಕಾಲೇಜಿನ ಹೆಸರನ್ನು ತಲೆಯ ಮೇಲಿಟ್ಟುಕೊಂಡು ಬಟ್ಟೆ ಬದಲಿಸಬೇಕು, ಪತ್ರಿಕೆಯವರು ಬಂದರೆ ಅದರ ಕೆಳಗೇ ನಿಂತು ಮಾತಾಡಬೇಕು. ಹೊರಗಿನವರಿಗೆ ಇದು ಹುಡುಗಾಟ. ಆ ವಾರ ಸೋತ ಕೆಲವರು ನಾಚಿಕೆಗೆ ಊಟದ ಮೇಜಿಗೂ ತಡವಾಗಿ ಬರುತ್ತಿದ್ದರು.

ಆಗಸ್ಟಿನಲ್ಲಿ ಟ್ರೆಲ್ ಮೋಸ್ಲಿ ಬಂದ. ದೈತ್ಯ ದೇಹ, ಮಗುವಿನ ಕಿವಿ. ಯಾವ ತಂಡವೂ ಆರಿಸಿಕೊಳ್ಳದೆ ಉಳಿದವನನ್ನು ನಮ್ಮವರು ಅಭ್ಯಾಸಕ್ಕೆಂದು ಕರೆದುಕೊಂಡಿದ್ದರು. ಅಂಥವರು ವಾರವಿಡೀ ಎಲ್ಲರ ಜೊತೆ ಗುದ್ದಾಡುತ್ತಾರೆ, ಭಾನುವಾರ ಮಾತ್ರ ಅಂಗಿ ತೊಡುವುದಿಲ್ಲ. ಯಾವ ದಿನ ಬೇಕಾದರೂ ಮನೆಗೆ ಕಳಿಸಬಹುದು. ಕಿಟಕಿಗೆ ಬಂದು ತನ್ನ ಹೆಸರು ಹೇಳಿ, ಕಾಲೇಜು ಹಾರ್ಲನ್ ಬೆಂಡ್, ದಾರ ನೇರಳೆ ಮತ್ತು ಕಿತ್ತಳೆ ಎಂದ. ಕಿತ್ತಳೆ ಇಲ್ಲದಿದ್ದರೆ ತಾನೇ ತಂದುಕೊಡುತ್ತೇನೆಂದೂ ಸೇರಿಸಿದ.

ಹಿಂದೆ ನಿಂತಿದ್ದ ಗ್ರೇಡಿ ಸ್ಟ್ರಿಕ್ಲಿನ್ ನಕ್ಕ. ಗ್ರೇಡಿ ತಂಡದ ಹಳೆಯ ಹುಲಿ. ಅವನ ಕಾಲೇಜು ಕ್ಯಾಲವೇ ಸ್ಟೇಟ್. ಅಲ್ಲಿಯ ಮೈದಾನದಲ್ಲಿ ಒಂದು ಇಡೀ ಊರು ಕೂರಬಹುದು. ನಮ್ಮ ತಂಡದಲ್ಲೇ ಕ್ಯಾಲವೇಯವರು ಒಂಬತ್ತು ಮಂದಿ, ಒಂದು ಗೋಡೆ ಪೂರ್ತಿ ಅವರದೇ ಕಡುಗೆಂಪು ದಾರ.

"ಅದಕ್ಕೆ ದಾರ ಯಾಕೆ ದಂಡ ಪುಟ್ಟಿ?" ಎಂದ ನನಗೆ. "ಕಾಲೇಜಿನ ಜಾಗ ಖಾಲಿ ಬಿಡು. ಹೆಂಗಿದ್ರೂ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ದೇ ಇರೋದಕ್ಕೇ ಅಲ್ವಾ ಬರೆಸೋದು," ಎಂದ ಟ್ರೆಲ್. ಸಿಟ್ಟಿನಿಂದ ಹೇಳಲಿಲ್ಲ. ನನ್ನತ್ತ ತಿರುಗಿ, "ಸ್ವಲ್ಪ ದೊಡ್ಡದಾಗೇ ಹೊಲೀರಿ, ಮಿಸ್ ರೊನೆಟ್," ಎಂದ.

ನನ್ನ ಹೆಸರಿನ ಹಿಂದೆ ಮಿಸ್ ಸೇರಿಸಿ ಕರೆದವನು ಆ ಕಟ್ಟಡದಲ್ಲಿ ಅವನೊಬ್ಬನೇ. ನಾನು ದೊಡ್ಡದಾಗಿಯೇ ಹೊಲಿದೆ.

ಹಾರ್ಲನ್ ಬೆಂಡ್ ಇರುವುದು ಇಲ್ಲಿಂದ ದಕ್ಷಿಣಕ್ಕೆ, ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ. ನಮ್ಮ ಕಪ್ಪು ಜನರನ್ನು ಬೇರೆ ಯಾವ ಕಾಲೇಜೂ ಒಳಗೆ ಬಿಡದ ಕಾಲದಲ್ಲಿ ನಮ್ಮ ಜನರೇ ಕಟ್ಟಿಕೊಂಡದ್ದು. ಅಲ್ಲಿಂದ ಈ ಮಟ್ಟದ ಆಟಕ್ಕೆ ಬಂದವನು ತುಂಬ ವರ್ಷಗಳಲ್ಲಿ ಟ್ರೆಲ್ ಒಬ್ಬನೇ. ಹೈಸ್ಕೂಲಿನಲ್ಲಿ ಇವನನ್ನು ನೋಡಲು ಯಾವ ದೊಡ್ಡ ಕಾಲೇಜಿನವರೂ ಬರಲಿಲ್ಲವಂತೆ. ಹಾರ್ಲನ್ ಬೆಂಡಿನ ಕೋಚ್ ಮಾತ್ರ ತನ್ನ ಹಳೇ ಟ್ರಕ್ಕಿನಲ್ಲಿ ಬಂದು, ಇವನ ಅಮ್ಮ ಕೊಟ್ಟ ಬಟಾಣಿ ಪಲ್ಯ, ಜೋಳದ ರೊಟ್ಟಿ ತಿಂದು ಕರೆದುಕೊಂಡು ಹೋದರಂತೆ. ಪಟ್ಟಿ ಏರಿಸಿದ ದಿನ ಟ್ರೆಲ್ ಅದರ ಫೋಟೋ ತೆಗೆದು ಅವರಿಗೆ ಕಳಿಸಿದ. ಅವರು ಅದನ್ನು ದೊಡ್ಡದು ಮಾಡಿಸಿ ಕಾಲೇಜಿನ ಕಸರತ್ತಿನ ಕೋಣೆಯ ಬಾಗಿಲಿಗೆ ಹಾಕಿದರು. ಈಗ ಅಲ್ಲಿಯ ಹುಡುಗರು ಒಳಗೆ ಹೋಗುವಾಗ ಅದನ್ನು ಮುಟ್ಟಿ ಹೋಗುತ್ತಾರೆಂದು ಅವನೇ ಒಮ್ಮೆ ಹೇಳಿದ್ದ. ಹಾಗಾಗಿ ಆ ಪಟ್ಟಿ ಅವನಿಗೆ ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತಿತ್ತು.

ಗ್ರೇಡಿಗೂ ಗೊತ್ತಿತ್ತು.

ಅಕ್ಟೋಬರಿನಲ್ಲಿ ನಮ್ಮ ತಂಡಕ್ಕೆ ಆಟವಿಲ್ಲದ ಒಂದು ವಾರ ಬಂತು. ಅದೇ ಶನಿವಾರ ಕ್ಯಾಲವೇ ಸ್ಟೇಟಿನ ಎದುರು ಆಡಲು ಹಾರ್ಲನ್ ಬೆಂಡ್ ಬರುವುದಿತ್ತು. ದೊಡ್ಡ ಕಾಲೇಜುಗಳು ವರ್ಷಕ್ಕೊಮ್ಮೆ ಸಣ್ಣದೊಂದನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತವೆ. ಸಣ್ಣವರು ಬಂದು ಸೋತು, ಆ ದುಡ್ಡಿನಲ್ಲಿ ತಮ್ಮ ಬಸ್ಸು ರಿಪೇರಿ ಮಾಡಿಸಿಕೊಳ್ಳುತ್ತಾರೆ.

ಸೋಮವಾರ ಬೆಳಿಗ್ಗೆ ಗ್ರೇಡಿ ಸ್ಟೂಲೊಂದನ್ನು ಎಳೆದುಕೊಂಡು ಟ್ರೆಲ್‌ನ ಗೂಡಿನ ಮುಂದೆ ಕೂತ.

"ನಲವತ್ತು ಅಂಕ ಬಿಟ್ಕೊಡ್ತೀನಿ ಮಗಾ. ನಲವತ್ತರೊಳಗೆ ಸೋತ್ರೂ ಗೆದ್ದಿದ್ದು ನೀನೇ."

ಅದು ಮೋಸವಲ್ಲ. ಬಲ ಕಡಿಮೆ ಇರುವವನಿಗೆ ಅಂಕ ಬಿಟ್ಟುಕೊಡುವುದು ಎಲ್ಲ ಕಡೆಯೂ ಇದ್ದದ್ದೇ. ತೆಗೆದುಕೋ ಎಂದು ನಾಲ್ಕಾರು ಮಂದಿ ಟ್ರೆಲ್‌ಗೆ ಕಣ್ಣು ಮಿಟುಕಿಸಿದರು. ಅವನು ಶೂ ದಾರ ಕಟ್ಟುವುದನ್ನು ಮುಗಿಸಿ ತಲೆಯೆತ್ತಿದ.

"ಅಂಕ ಬೇಡ."

"ಹಂಗಾದ್ರೆ ಸೋತೆ."

"ಆಟ ಸೋಲ್ತೀವಿ. ಅದು ನಮ್ಮನೆ ಬೆಕ್ಕಿಗೂ ಗೊತ್ತು. ನಾನು ಆಟಕ್ಕೆ ಬೆಟ್ ಕಟ್ತಿಲ್ಲ ಅಣ್ಣಾ, ಬ್ಯಾಂಡಿಗೆ ಕಟ್ತೀನಿ. ನಮ್ಮ ಬ್ಯಾಂಡು ಬಾರಿಸ್ತಾ ಇರುವಾಗ ನೀನು ಎದ್ದು ಹೋಗಲ್ಲ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗೋಡೆಯಿಂದ ಗೋಡೆಗೆ ನಗು ಹಬ್ಬಿತು. ಎದ್ದು ಹೋಗುವುದು ಗ್ರೇಡಿಯ ಕೈಯಲ್ಲೇ ಇತ್ತು. ಕಾಲಿದ್ದ ಯಾರು ಬೇಕಾದರೂ ಗೆಲ್ಲಬಹುದಾದ ಬಾಜಿ. ಹುಚ್ಚು ಹಿಡಿದಿದೆಯೇ ಎಂದು ಟ್ರೆಲ್‌ನ ಪಕ್ಕದವನೇ ಕೇಳಿದ. "ಎದ್ದೇಳಲಿ ನೋಡೋಣ," ಎಂದಷ್ಟೇ ಟ್ರೆಲ್ ಹೇಳಿದ. ನಗುತ್ತಿರಲಿಲ್ಲ.

ಹಾಗಿದ್ದರೆ ಒಂದು ವಾರಕ್ಕಲ್ಲ, ಸೀಸನ್ ಮುಗಿಯುವವರೆಗೆ ಎಂದ ಗ್ರೇಡಿ. ತಾನು ಗೆದ್ದರೆ ಟ್ರೆಲ್‌ನ ಪಟ್ಟಿಯಲ್ಲಿ ಕ್ಯಾಲವೇ, ಸೋತರೆ ತನ್ನ ಪಟ್ಟಿಯಲ್ಲಿ ಹಾರ್ಲನ್ ಬೆಂಡ್. ಟ್ರೆಲ್ ಕೈ ಚಾಚಿದ. ತೀರ್ಪು ಯಾರದೆಂಬ ಪ್ರಶ್ನೆ ಬಂದಾಗ ಗ್ರೇಡಿ ಬೆರಳು ಮಾಡಿದ್ದು ನನ್ನ ಕಿಟಕಿಗೆ.

"ನಮ್ಮ ಪುಟ್ಟಿ. ಅವಳು ಬಾಯಿ ಬಿಡಲ್ಲ, ಬಿಟ್ರೆ ಸುಳ್ಳು ಹೇಳಲ್ಲ."

ನಾನು ಆಗಲೂ ಬಾಯಿ ಬಿಡಲಿಲ್ಲ. ತಲೆಯಾಡಿಸಿದೆ. ಮಿಸ್ಟರ್ ಪರ್ಸಿಗೆ ಮಾತ್ರ ಇದು ಹಿಡಿಸಲಿಲ್ಲ. ಗ್ರೇಡಿಯಂಥವನ ವಿಷಯದಲ್ಲಿ ನಡುವೆ ನಿಂತವರಿಗೇ ಮೊದಲು ಏಟು ಎಂದು ಆ ಸಂಜೆ ದಾರಿಯುದ್ದಕ್ಕೂ ನನಗೆ ಹೇಳಿದರು.

ಶನಿವಾರ ಮಿಸ್ಟರ್ ಪರ್ಸಿಯ ಕಾರಿನಲ್ಲಿ ನಾನೂ ಟ್ರೆಲ್ಲೂ ಕ್ಯಾಲವೇಯ ಮೈದಾನಕ್ಕೆ ಹೋದೆವು. ಗ್ರೇಡಿ ಹೆಂಡತಿ ಶೆಲ್ಬಿಯ ಜೊತೆ ಮೊದಲೇ ಬಂದು ನಮಗೆಲ್ಲ ಒಂದೇ ಸಾಲಿನಲ್ಲಿ ಜಾಗ ಮಾಡಿಸಿದ್ದ. ಎಲ್ಲಿ ನೋಡಿದರೂ ಕಡುಗೆಂಪು. ದೂರದ ಮೂಲೆಯಲ್ಲಿ ಒಂದು ಹಿಡಿ ನೇರಳೆ, ಹಾರ್ಲನ್ ಬೆಂಡಿನಿಂದ ಬಂದ ಜನ ಮತ್ತು ಬ್ಯಾಂಡು. ಗ್ರೇಡಿಯನ್ನು ಅಲ್ಲಿ ಎಲ್ಲರೂ ಬಲ್ಲರು. ಮುದುಕರು ಬಂದು ಬೆನ್ನು ತಟ್ಟಿದರು, ಮಕ್ಕಳನ್ನು ಅವನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಎಲ್ಲರಿಗೂ ಅವನು ಬಾಜಿಯ ಕಥೆ ಹೇಳಿದ, ಎಲ್ಲರೂ ಟ್ರೆಲ್‌ನನ್ನು ನೋಡಿ ನಕ್ಕರು. ಟ್ರೆಲ್ ಪ್ರತಿಯೊಬ್ಬರಿಗೂ ಕೈ ಕುಲುಕಿ, ತನ್ನ ಹೆಸರಿನ ಜೊತೆ ಕಾಲೇಜಿನ ಹೆಸರನ್ನೂ ಹೇಳುತ್ತಿದ್ದ.

ಆಟದ ವಿಷಯ ಹೇಳುವಂಥದ್ದೇನಿಲ್ಲ. ಕ್ಯಾಲವೇಯ ಹುಡುಗರು ದೊಡ್ಡವರು, ವೇಗದವರು, ಒಬ್ಬ ದಣಿದರೆ ಅಷ್ಟೇ ದೊಡ್ಡವನು ಇನ್ನೊಬ್ಬ. ಹಾರ್ಲನ್ ಬೆಂಡಿನಲ್ಲಿ ದಣಿದವನೇ ಮತ್ತೆ ಬರುತ್ತಿದ್ದ. ಆಟಕ್ಕೆ ನಾಲ್ಕು ಪಾಲು, ಎರಡು ಮುಗಿದ ಮೇಲೆ ವಿರಾಮ. ಎರಡನೇ ಪಾಲು ನಡೆಯುತ್ತಿರುವಾಗ ಮೂಲೆಯ ನೇರಳೆ ಜನ ಎದ್ದು ತಿಂಡಿಯ ಅಂಗಡಿಗಳತ್ತ ಹೊರಟರು.

"ಸೋಲು ಕಂಡು ಈಗ್ಲೇ ಓಡ್ತಿದಾರೆ," ಎಂದ ಗ್ರೇಡಿ.

"ಓಡ್ತಿಲ್ಲ. ಈಗಲೇ ತಿಂದ್ಕೊಂಡು ಬರ್ತಾರೆ," ಎಂದ ಟ್ರೆಲ್. "ನಮ್ಮಲ್ಲಿ ವಿರಾಮದಲ್ಲಿ ಯಾರೂ ಏಳಲ್ಲ. ವಿರಾಮ ಬ್ಯಾಂಡಿನದು."

ಗ್ರೇಡಿಗೆ ಅದು ಹೊಸ ಸಂಗತಿ. ಅವನ ಕಡೆಯವರು ವಿರಾಮ ಬಂತೆಂದರೆ ಸಾಲು ಸಾಲಾಗಿ ಎದ್ದು ಹೋಗುವವರು. ಬ್ಯಾಂಡು ಅವರಿಗೆ ಹಿನ್ನೆಲೆಯ ಸದ್ದು.

ವಿರಾಮ ಬಂದಾಗ ನೇರಳೆ ಬ್ಯಾಂಡಿನವರು ಟೋಪಿ ಬಿಗಿದುಕೊಂಡು ಮೈದಾನದ ಅಂಚಿಗೆ ಇಳಿದು ನಿಂತಿದ್ದರು. ಆಗ ಧ್ವನಿವರ್ಧಕದಲ್ಲಿ ಘೋಷಣೆ ಬಂತು. ಎಂದೋ ಚಾಂಪಿಯನ್ ಆಗಿದ್ದ ಕ್ಯಾಲವೇಯ ಹಳೆಯ ತಂಡಕ್ಕೆ ಈ ಹೊತ್ತು ಸನ್ಮಾನ; ಅದಕ್ಕೇ ಪೂರ್ತಿ ಸಮಯ. ಮಾಜಿಗಳು ಹೊಟ್ಟೆ ಹೊತ್ತು ಒಬ್ಬೊಬ್ಬರಾಗಿ ಮೈದಾನಕ್ಕೆ ನಡೆದು ಬಂದರು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಮನುಷ್ಯ ಬ್ಯಾಂಡಿನವರ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತ. ಅವರು ಹಾಗೇ ನಿಂತಿದ್ದರು, ಹೆಗಲ ಮೇಲೆ ಡ್ರಮ್ಮು, ಬಿಸಿಲಲ್ಲಿ.

ಗ್ರೇಡಿ ಎದ್ದ. ಎಲ್ಲರಿಗೂ ಕಾಣುವಂತೆ ಸೊಂಟ ಹಿಂದಕ್ಕೆ ಬಗ್ಗಿಸಿ ಮೈ ಮುರಿದ. "ನನಗ್ಯಾಕೋ ಹಸಿವು," ಎಂದು ನನಗೆ ಹೇಳಿ ಮೆಟ್ಟಿಲು ಹತ್ತಿದ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅವನು ಹಿಂದಿರುಗಿದಾಗ ಕೈಯಲ್ಲಿ ಹುರಿದ ಮೀನಿನ ತಟ್ಟೆ. ಅದರಲ್ಲೊಂದು ತುಂಡನ್ನು ಟ್ರೆಲ್‌ಗೆ ಚಾಚಿದ.

ಟ್ರೆಲ್ ಅದನ್ನು ನೋಡಲೂ ಇಲ್ಲ. ಎದ್ದು ಅಂಚಿನ ಕಂಬಿಯವರೆಗೆ ಹೋದ. ನಾನು ತೀರ್ಪು ಹೇಳುವವಳು, ನೋಡದೆ ಇರುವಂತಿಲ್ಲ ಎಂದುಕೊಂಡು ಅವನ ಹಿಂದೆ ಹೋದೆ. ಬ್ಯಾಂಡಿನ ಮೇಷ್ಟ್ರು ಒಬ್ಬ ವಯಸ್ಸಾದ ಹೆಂಗಸು, ಬಿಳಿ ಕೈಗವಸು ತೊಟ್ಟಿದ್ದರು. ಟ್ರೆಲ್ ಅವರನ್ನು ಡಾಕ್ಟರ್ ಪೆಟ್ಟಸ್ ಎಂದು ಕರೆದ. ಹುಡುಗರನ್ನು ವಾಪಸ್ ಮೆಟ್ಟಿಲಿಗೆ ಹತ್ತಿಸುತ್ತಿದ್ದರು.

"ಹಿಂಗೇ ಹೊರಟುಬಿಡ್ತೀರಾ ಮೇಡಂ?" ಎಂದು ಟ್ರೆಲ್ ಕೇಳಿದ.

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೋಡು ಮೋಸ್ಲಿ, ಇವರು ನಮಗೆ ಸೋಲೋಕೆ ದುಡ್ಡು ಕೊಟ್ಟಿದಾರೆ. ಸುಮ್ಮನಿರೋಕೆ ಕೊಟ್ಟಿಲ್ಲ. ಹೋಗಿ ಕೂತ್ಕೋ."

ಮಿಕ್ಕ ಎರಡು ಪಾಲಿನ ಆಟವೂ ಮುಗಿಯಿತು. ಹಾರ್ಲನ್ ಬೆಂಡ್ ಗಳಿಸಿದ್ದು ಬರೀ ಮೂರು ಅಂಕ. ಕ್ಯಾಲವೇಯವರದು ಅಂಕದ ಫಲಕದಲ್ಲಿ ಓದಲೂ ಬೇಸರವಾಗುವಷ್ಟಿತ್ತು. ಬಾಜಿ ಗೆದ್ದಾಗಿದೆ ಎಂದು ಗ್ರೇಡಿ ಅದನ್ನು ಮರೆತೇಬಿಟ್ಟಿದ್ದ. ಮಿಸ್ಟರ್ ಪರ್ಸಿಯ ಜೊತೆ ಮೀನು ಹಿಡಿಯುವ ಮಾತಾಡುತ್ತಿದ್ದ. ಜನ ಎದ್ದರು. ಅವನೂ ಎದ್ದು ಕಾರಿನ ಕೀ ತೆಗೆದು, ಶೆಲ್ಬಿಯನ್ನು ಮುಂದೆ ಬಿಟ್ಟು ಮೆಟ್ಟಿಲಿಗೆ ಬಂದ.

ಆಗ ಮೂಲೆಯಿಂದ ಒಂದು ಡ್ರಮ್ಮು.

ಒಂದೇ. ಅವಸರವಿಲ್ಲದ್ದು. ನಮ್ಮವರ ಕಾಲೇಜುಗಳಲ್ಲಿ ಆಟ ಮುಗಿದ ಮೇಲೆ ಬ್ಯಾಂಡಿನವರು ಕೂತಲ್ಲೇ ಕೂತು ಬಾರಿಸುತ್ತಾರೆ, ಅದಕ್ಕೆ ಐದನೇ ಪಾಲು ಎನ್ನುತ್ತಾರೆ. ಎದುರಾಳಿ ಬ್ಯಾಂಡು ಇದ್ದರೆ ಸವಾಲು ಜವಾಬು. ಇಲ್ಲಿ ಜವಾಬು ಕೊಡುವವರಿರಲಿಲ್ಲ. ಕ್ಯಾಲವೇಯ ಬ್ಯಾಂಡು ಸಾಮಾನು ಕಟ್ಟುತ್ತಿತ್ತು. ಎರಡನೇ ಡ್ರಮ್ಮು ಸೇರಿತು, ಆಮೇಲೆ ಸಾಲು. ಮೈಗೆ ಸುತ್ತಿಕೊಂಡ ದೊಡ್ಡ ಕಹಳೆಗಳು ಒಮ್ಮೆಲೇ ಎಡಕ್ಕೆ ವಾಲಿದವು, ಬಲಕ್ಕೆ ವಾಲಿದವು, ಊದಿದವು. ನನ್ನ ಕಾಲ ಕೆಳಗಿನ ಸಿಮೆಂಟು ಅದುರಿತು.

ಧ್ವನಿವರ್ಧಕದವರು ಮೊದಲು ಎಲ್ಲರೂ ಸುರಕ್ಷಿತವಾಗಿ ಮನೆ ತಲುಪಿ ಎಂದರು. ಬ್ಯಾಂಡು ನಿಲ್ಲಲಿಲ್ಲ. ಆಮೇಲೆ ರೆಕಾರ್ಡಿನ ಹಾಡು ಹಾಕಿದರು, ಜೋರಾಗಿ. ಡಾಕ್ಟರ್ ಪೆಟ್ಟಸ್ ಬಿಳಿ ಕೈ ಎತ್ತಿ ಒಮ್ಮೆ ತಿರುಗಿಸಿದರು, ಬ್ಯಾಂಡು ಅದಕ್ಕಿಂತ ಜೋರಾಯಿತು. ಕಾವಲಿನವರು ಮೂರು ಮಂದಿ ಹೋಗಿ ಏನೋ ಹೇಳಿದರು. ಬ್ಯಾಂಡಿನವರು ಅವರತ್ತ ಬೆನ್ನು ಹಾಕಿಯೇ ಬಾರಿಸಿದರು. ಎಷ್ಟೋ ಮಂದಿ ಲಕ್ಷ್ಯವಿಲ್ಲದೆ ಹೊರಟುಹೋದರು. ಎಷ್ಟೋ ಮಂದಿ ಬಾಗಿಲ ಬಳಿ ನಿಂತರು. ತಿಂಡಿ ಮಾರುವ ಹೆಂಗಸರು ಏಪ್ರನ್ನಿನಲ್ಲೇ ಹೊರಗೆ ಬಂದರು. ಕೊನೆಗೆ ರೆಕಾರ್ಡನ್ನು ಯಾರೋ ಆರಿಸಿದರು.

ನಾನು ನೋಡಬೇಕಾದದ್ದು ಬ್ಯಾಂಡನ್ನಲ್ಲ. ಗ್ರೇಡಿಯನ್ನು ನೋಡಿದೆ.

ಅವನು ಮೆಟ್ಟಿಲ ನಡುವೆ ನಿಂತಿದ್ದ. ಮೊದಲು ಮುಖದಲ್ಲಿ ಕಿರಿಕಿರಿ. ಆಮೇಲೆ ಕೀ ಗೊಂಚಲು ಕಂಬಿಯ ಮೇಲೆ ಸಣ್ಣಗೆ ಬಡಿಯತೊಡಗಿತು, ಡ್ರಮ್ಮಿನ ಜೊತೆಗೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂದಳು ಶೆಲ್ಬಿ. ಒಂದು ನಿಮಿಷ ಎಂದ. ಅವಳು ಮತ್ತೆ ಬಂದು ತೋಳು ಎಳೆದಾಗ ಅವನು ತೋಳು ಬಿಡಿಸಿಕೊಂಡು ಅಲ್ಲೇ, ಯಾರದೋ ಚೆಲ್ಲಿದ ಕಡಲೆಕಾಯಿ ಸಿಪ್ಪೆಯ ಮೇಲೆ ಕೂತುಬಿಟ್ಟ. ಅವಳು ಒಬ್ಬಳೇ ಕಾರಿಗೆ ಹೋದಳು. ಬ್ಯಾಂಡು ಕಡೆಯಲ್ಲಿ ಒಂದು ನಿಧಾನದ ಹಾಡಿಗೆ ಇಳಿಯಿತು, ಶವಸಂಸ್ಕಾರದಲ್ಲೂ ಮದುವೆಯಲ್ಲೂ ನಮ್ಮವರು ಹಾಡುವಂಥದ್ದು. ಗ್ರೇಡಿ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಕೊನೆಯ ಸ್ವರ ನಿಲ್ಲುವವರೆಗೂ ಏಳಲಿಲ್ಲ.

ಟ್ರೆಲ್ ಅವನತ್ತ ಒಮ್ಮೆಯೂ ತಿರುಗಲಿಲ್ಲ. ಕಂಬಿಗೆ ಒರಗಿ ಹಾಡುತ್ತಿದ್ದ.

ಸೋಮವಾರ ನಾನು ಮಷಿನ್ನಿಗೆ ದಾರ ಏರಿಸುತ್ತಿರುವಾಗಲೇ ಗ್ರೇಡಿ ಹಲಗೆ ಬಡಿದ. ಡ್ರೆಸ್ಸಿಂಗ್ ರೂಮು ತುಂಬಿತ್ತು.

"ಹೊಲಿ ಪುಟ್ಟಿ. ಟ್ರೆಲ್ ಮೋಸ್ಲಿ, ಕ್ಯಾಲವೇ ಸ್ಟೇಟ್. ದೊಡ್ಡದಾಗೇ ಹೊಲಿ."

ಮಿಸ್ಟರ್ ಪರ್ಸಿ ನನ್ನ ಹಿಂದೆ ಪೆಟ್ಟಿಗೆ ಎತ್ತಿಡುವುದನ್ನು ನಿಲ್ಲಿಸಿದರು.

"ಇಲ್ಲ," ಎಂದೆ.

"ಏನು ಇಲ್ಲ?"

"ನೀವು ಎದ್ದು ಹೋದಾಗ ಬ್ಯಾಂಡು ಬಾರಿಸ್ತಿರಲಿಲ್ಲ ಸಾರ್. ಬಾರಿಸೋಕೆ ಬಿಟ್ಟಿರಲಿಲ್ಲ. ಬಾರಿಸಿದಾಗ ನೀವು ಹೋಗಲಿಲ್ಲ. ಶೆಲ್ಬಿ ಮೇಡಂ ಎರಡು ಸಲ ಕರೆದ್ರು. ನೀವು ಮೆಟ್ಟಿಲ ಮೇಲೆ ಕೂತಿದ್ರಿ. ಟೋಪಿ ತೆಗೆದಿದ್ರಿ."

ಯಾರೋ ಸಿಳ್ಳೆ ಹಾಕಿದರು. ಗ್ರೇಡಿಯ ಕತ್ತು ಕೆಂಪಾಯಿತು. ವಿರಾಮದ ಮಾತಷ್ಟೇ ಬಾಜಿಯಲ್ಲಿದ್ದದ್ದು ಎಂದ. ಅಂಥ ಮಾತು ಬಂದೇ ಇರಲಿಲ್ಲ ಎಂದು ಅವನ ಕ್ಯಾಲವೇಯ ಗೋಡೆಯವರೇ ಇಬ್ಬರು ಹೇಳಿದರು. ಅವನು ಹಲಗೆಯ ಮೇಲೆ ಎರಡೂ ಕೈ ಊರಿ ನನ್ನ ಕಡೆ ಬಾಗಿದ.

"ನಿಂದು ಯಾವ ಕಾಲೇಜು?"

ನಾನು ದಾರದ ತುದಿ ಕತ್ತರಿಸಿದೆ.

"ಕಾಲೇಜು ಬಿಡು. ಹೈಸ್ಕೂಲಾದ್ರೂ ಮುಗಿಸಿದೀಯಾ?"

"ಇಲ್ಲ ಸಾರ್. ಹತ್ತಕ್ಕೇ ಬಿಟ್ಟೆ. ಅದಕ್ಕೇ ನನಗೆ ಎಲ್ಲ ಕಾಲೇಜೂ ಒಂದೇ."

ಇಷ್ಟು ಮಾತನ್ನು ಆ ಕಿಟಕಿಯಿಂದ ನಾನು ಎಂದೂ ಆಡಿರಲಿಲ್ಲ. ಆಮೇಲೆ ಮಷಿನ್ನಿನ ಪೆಡಲು ಒತ್ತಿದೆ. ನೇರಳೆ ದಾರ ಏರಿಸಿಯೇ ಇತ್ತು. ಗ್ರೇಡಿ ಸ್ಟ್ರಿಕ್ಲಿನ್, ಕೆಳಗೆ ಹಾರ್ಲನ್ ಬೆಂಡ್. ಎಲ್ಲರೂ ಅಭ್ಯಾಸಕ್ಕೆ ಹೋದ ಮೇಲೆ ಹೋಗಿ ಹಳೆಯದನ್ನು ಕಿತ್ತು ಇದನ್ನು ಅಂಟಿಸಿದೆ.

ಮಾರನೇ ಬೆಳಿಗ್ಗೆ ಅದು ಕಸದ ಬುಟ್ಟಿಯಲ್ಲಿತ್ತು. ಇನ್ನೊಂದು ಹೊಲಿದು ಅಂಟಿಸಿದೆ. ಅದೂ ಹೋಯಿತು. ಮತ್ತೊಂದು ಹಾಕಿದೆ. ಕೆಲಸ ಬೇಕೋ ಬೇಡವೋ ಮಗಳೇ ಎಂದು ಮಿಸ್ಟರ್ ಪರ್ಸಿ ಕೇಳಿದರು. ಬೇಕು ಎಂದೆ. ಅವರು ಕಿತ್ತಳೆ ದಾರದ ಹೊಸ ಉಂಡೆಯೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಗುರುವಾರ ಟ್ರೆಲ್‌ನನ್ನು ಬಿಟ್ಟುಬಿಟ್ಟರು. ಬಾಜಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬೇರೆ ತಂಡ ಕೈಬಿಟ್ಟ ಒಬ್ಬ ಅನುಭವಿ ಸಿಕ್ಕಿದ್ದ, ಜಾಗ ಬೇಕಿತ್ತು. ಈ ಕೆಲಸದಲ್ಲಿ ಅದು ವಾರವಾರದ ಮಾತು, ಆದರೂ ಅವನು ಪ್ಲಾಸ್ಟಿಕ್ ಚೀಲದಲ್ಲಿ ಶೂ ತುಂಬಿಕೊಂಡು ಕಿಟಕಿಗೆ ಬಂದಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಹೋದವನ ಪಟ್ಟಿಯನ್ನು ಅದೇ ದಿನ ತೆಗೆಯಬೇಕು, ಹೊಸಬನದು ಏರಬೇಕು.

ಮುಂದೇನು ಎಂದು ಕೇಳಿದೆ. ಚಳಿಗಾಲದಲ್ಲಿ ಇನ್ನೊಂದು ತಂಡದವರು ನೋಡುತ್ತೇವೆ ಎಂದಿದ್ದಾರೆ, ಅಲ್ಲಿಯವರೆಗೆ ಹಾರ್ಲನ್ ಬೆಂಡಿನಲ್ಲೇ ಹುಡುಗರ ಜೊತೆ ಕಸರತ್ತು ಮಾಡುತ್ತೇನೆ ಎಂದ.

"ನಂದು ತೆಗೀರಿ ಮಿಸ್ ರೊನೆಟ್," ಎಂದ. ಆಮೇಲೆ ಗ್ರೇಡಿಯ ಗೂಡಿನ ಕಡೆ ಗದ್ದ ಎತ್ತಿ, "ಅವನದು ತೆಗೀಬೇಡಿ," ಎಂದ.

ಅವತ್ತು ಮಧ್ಯಾಹ್ನ ಎಲ್ಲರೂ ಮೈದಾನದಲ್ಲಿದ್ದಾಗ ಬಾಗಿದ ಸೂಜಿ ಮತ್ತು ಮೇಣದ ದಾರ ತೆಗೆದುಕೊಂಡು ಹೋದೆ. ಭುಜದ ಕವಚದ ತೊಗಲು ಪಟ್ಟಿಗಳನ್ನು ಹೊಲಿಯಲು ಬಳಸುವ ದಾರ ಅದು. ದೈತ್ಯರಿಬ್ಬರು ಎಳೆದರೂ ಹರಿಯುವುದಿಲ್ಲ. ಸ್ಟೂಲು ಹತ್ತಿ ನಿಂತು, ಗ್ರೇಡಿಯ ಪಟ್ಟಿಯನ್ನು ಕ್ಯಾನ್ವಾಸಿಗೇ ಸೇರಿಸಿ ನಾಲ್ಕೂ ಅಂಚು ಒತ್ತೊತ್ತಾಗಿ ಹೊಲಿದೆ. ಬೆರಳಿಗೆ ಎರಡು ಕಡೆ ಚುಚ್ಚಿತು. ಕೆಲಸ ಮುಗಿದಾಗ ಅದು ಬಟ್ಟೆಗೆ ಹಚ್ಚೆ ಹಾಕಿದಂತಿತ್ತು. ಆಮೇಲೆ ಟ್ರೆಲ್‌ನದನ್ನು ತೆಗೆದೆ.

ಅಭ್ಯಾಸ ಮುಗಿಸಿ ಬಂದ ಗ್ರೇಡಿ ಒಂದು ಸಲ ಎಳೆದ. ಬೆರಳು ಜಾರಿತು. ಉಗುರು ಹಾಕಿ ಮತ್ತೆ ಎಳೆದ. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಬಟ್ಟೆ ಬದಲಿಸುವುದನ್ನು ನಿಲ್ಲಿಸಿದರು. ಅವನು ಬೆವರಿದ ಬನಿಯನ್ನಿನಲ್ಲೇ ಕಿಟಕಿಗೆ ಬಂದ. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹುಡುಗ ಹೋಗಾಯ್ತು ಪುಟ್ಟಿ. ಇನ್ನು ಯಾರಿಗೋಸ್ಕರ ಇದು? ಬಿಚ್ಚು."

"ಸೀಸನ್ ಪೂರ್ತಿ ಅಂದಿದ್ದು ನೀವು."

"ನಾನು ಆಫೀಸಿಗೆ ಒಂದು ಮಾತು ಹೇಳಿದ್ರೆ ಸಾಕು."

"ಹೇಳಿ ಸಾರ್."

ಅವನು ಹೋಗಲಿಲ್ಲ. ನಾನು ಡ್ರಾಯರಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ತೆಗೆದೆ. ಬೆರಳುದ್ದದ್ದು, ಅವನ ಅಂಗೈಯಲ್ಲಿ ಕಡ್ಡಿಯಂತೆ ಕಾಣುತ್ತದೆ. ಒಂದೊಂದೇ ಹೊಲಿಗೆ ಎಬ್ಬಿಸಿ ಬಿಚ್ಚಬೇಕು, ಸ್ಟೂಲು ಹತ್ತಿ, ಎಲ್ಲರ ಎದುರು. ಅದನ್ನು ಹಲಗೆಯ ಮೇಲೆ ಅವನತ್ತ ಚಾಚಿದೆ.

"ಹೊಲಿಯೋದು ನನ್ನ ಕೆಲಸ. ಮಾತು ಮುರಿಯೋದು ನಿಮ್ಮದು. ನೀವೇ ಬಿಚ್ಚಿ."

ಅವನು ಕೊಕ್ಕೆಯನ್ನು ನೋಡಿದ. ತಿರುಗಿ ಕೋಣೆಯನ್ನು ನೋಡಿದ. ಕಡುಗೆಂಪು ಗೋಡೆಯವರೂ ಸೇರಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವನು ಬರಿಗೈಯಲ್ಲೇ ತನ್ನ ಗೂಡಿಗೆ ಹೋಗಿ, ಹಾರ್ಲನ್ ಬೆಂಡ್ ಕೆಳಗೆ ಕೂತು ಶೂ ದಾರ ಬಿಚ್ಚತೊಡಗಿದ.